ಊರಂಚಿನ ಬಯಲು

ಲಕ್ಷ್ಮೇಶ್ವರವು ಹಳೆಯ ಊರು. ಪುಲಿಗೆರೆಯೆಂಬ ಹೆಸರಿನಿಂದ ಕವಿರಾಜಮಾರ್ಗದ ಕಾಲಕ್ಕೇ ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆನಿಸಿದ್ದ ಈ ಊರಿನ ನುಡಿಯನ್ನು ಕುರಿತು ವಿದ್ವಾಂಸರು ಸಾಕಷ್ಟು ಹೇಳಿದ್ದಾರೆ. ಅದರ ನೆಲವನ್ನು ಕುರಿತು ಹೇಳಿದವರು ಕಡಿಮೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ನೆಲವನ್ನು ಕುರಿತು. ಅದರಲ್ಲಿಯೂ ಊರು ಮುಗಿದು ಹೊಲ ಮೊದಲಾಗುವ ಅಂಚನ್ನು ಕುರಿತು.

ಆ ಅಂಚು ಈಗ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸುವುದು ಕಷ್ಟ. ಊರ ಹೊರಗೆ ಯಾವ ದಾರಿ ಹಿಡಿದು ಹೋದರೂ ಎರೆಹೊಲದ ನಡುವೆ ಬಿಳಿಯ ಬಣ್ಣ ಬಳಿದ ಗಡಿಗಲ್ಲುಗಳು ಕಾಣುತ್ತವೆ. ಹೆಸರು, ಶೇಂಗಾ, ಮೆಣಸಿನಕಾಯಿ ಬೆಳೆಯುತ್ತಿದ್ದ ಭೂಮಿ ‘ಎನ್.ಎ. ಆಗಿದೆ’ ಎನ್ನುತ್ತಾರೆ. ಕೃಷಿಯೇತರ ಎಂಬ ಸರಕಾರಿ ಶಬ್ದಕ್ಕೆ ನಮ್ಮ ಕಡೆ ಬಿದ್ದಿರುವ ರೂಢಿ ಅದು.

ಊರು ಬೆಳೆಯಬಾರದೆಂದು ಯಾರೂ ಹೇಳಲಾರರು. 2001ರ ಜನಗಣತಿಯಲ್ಲಿಯೇ ಇಲ್ಲಿ ಮೂವತ್ತು ಸಾವಿರಕ್ಕೆ ಮಿಕ್ಕಿದ ಜನರಿದ್ದರು. ಶಿರಹಟ್ಟಿಯಿಂದ ಬೇರೆಯಾಗಿ ಲಕ್ಷ್ಮೇಶ್ವರ ತಾನೇ ತಾಲೂಕಾಗುವುದೆಂದು 2017ರಲ್ಲಿ ಘೋಷಣೆಯಾಯಿತು. ಕಚೇರಿ ಬಂದಲ್ಲಿಗೆ ನೌಕರರು ಬರುತ್ತಾರೆ. ಮಕ್ಕಳ ಶಾಲೆಗೆಂದು ಸುತ್ತಲಿನ ಹಳ್ಳಿಗಳ ಕುಟುಂಬಗಳು ಬರುತ್ತವೆ. ಪೇಟೆಯ ಒಳಗಿನ ಹಳೆಯ ಮಾಳಿಗೆ ಮನೆಗಳಲ್ಲಿಯಾದರೂ ಜಾಗವೆಲ್ಲಿದೆ? ಅಣ್ಣತಮ್ಮಂದಿರು ಪಾಲಾಗಿ, ಒಂದು ಪಡಸಾಲೆಗೆ ಮೂರು ಗೋಡೆ ಎದ್ದಿರುತ್ತವೆ. ನಾನೂ ಅಂಥದೊಂದು ಮನೆಯನ್ನು ಬಿಟ್ಟು ಬಡಾವಣೆಗೆ ಬಂದವನೇ. ಆದುದರಿಂದ ಮನೆ ಕಟ್ಟಬೇಡಿರೆಂದು ಹೇಳುವ ಬಾಯಿ ನನಗಿಲ್ಲ.

ಆದರೆ ಆ ಗಡಿಗಲ್ಲುಗಳ ನಡುವೆ ಮನೆಗಳೇ ಇಲ್ಲವೆಂಬುದನ್ನು ಗಮನಿಸಬೇಕು. ಪ್ಲಾಟುಗಳಿವೆ. ಮಗಳ ಮದುವೆಗೆ, ಮಗನ ಓದಿಗೆ ಆದೀತೆಂದು ಕೊಂಡಿಟ್ಟ ಪ್ಲಾಟು. ಬ್ಯಾಂಕಿನಲ್ಲಿ ಹಣವಿಟ್ಟಂತೆ ಮಣ್ಣಿನಲ್ಲಿ ಹಣ. ನಡುವೆ ಜಾಲಿ ಬೆಳೆದಿದೆ. ಹೊಲವೂ ಹೋಯಿತು, ಮನೆಯೂ ಬರಲಿಲ್ಲ. ಊರಿನ ಹಸಿರನ್ನು ನುಂಗಿದುದು ಸೂರಿಲ್ಲದವನ ಅಗತ್ಯ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಬಡವನ ಮೇಲೆ ಹೊರಿಸುವ ಸುಳ್ಳು ಅಪವಾದ.

ಇನ್ನು ನಕ್ಷೆಯ ಮಾತು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಗಬೇಕಾದರೆ ಉದ್ಯಾನಕ್ಕೆಂದು ಒಂದು ಪಾಲು ಜಾಗವನ್ನು ಬಿಡಲೇಬೇಕು. ರಾಜ್ಯದಲ್ಲಿ 1961ರಿಂದ ನಗರ ಯೋಜನೆಯ ಕಾಯಿದೆಯಿದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದೇ 1985ರ ಕಾಯಿದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ದೊಡ್ಡ ಊರಿನವರು ಹೀಗೆ ಎಚ್ಚರವಾಗಿದ್ದಾರೆ. ನಮ್ಮ ಬಡಾವಣೆಯ ನಕ್ಷೆಯಲ್ಲಿಯೂ ಹಸಿರು ಬಣ್ಣ ತುಂಬಿದ ಒಂದು ಮೂಲೆಯಿದೆ. ಹೋಗಿ ನೋಡಿದರೆ ಅಲ್ಲಿರುವುದು ಒಡೆದ ಇಟ್ಟಿಗೆಯ ರಾಶಿ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ಪ್ಲಾಟು ಕತ್ತರಿಸಿ ಉಳಿದ, ಯಾರಿಗೂ ಮಾರಲಾಗದ ಚೂರನ್ನು ಉದ್ಯಾನವೆಂದು ಕರೆದಿದ್ದಾರೆ.

ನೀರು ಅಲ್ಲಿ ನಿಲ್ಲುವುದು ಆಕಸ್ಮಿಕವಲ್ಲ. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆಳಕ್ಕೆ ಅಗೆದು ಗರಸು ತುಂಬದೆ ಬುನಾದಿ ಹಾಕಿದ ಮನೆಯ ಗೋಡೆಗಳು ಎರಡು ವರ್ಷದಲ್ಲಿ ಸೀಳುತ್ತವೆ. ಬಿರುಸಿನ ಮಳೆಯ ನೀರು ಇಂಥ ನೆಲದಲ್ಲಿ ಬೇಗನೆ ಇಂಗದು. ಹೊಲದ ಒಡ್ಡಿನ ಗುಂಟ ಹರಿದು ಸಣ್ಣ ಹಳ್ಳ ಸೇರಿ ಕೆರೆಗೆ ಹೋಗುತ್ತಿತ್ತು. ಒಡ್ಡನ್ನು ಸಮ ಮಾಡಿ, ಹಳ್ಳವನ್ನು ಮುಚ್ಚಿ ರಸ್ತೆ ಮಾಡಿದ ಮೇಲೆ ಅದು ಅಡುಗೆಮನೆಗೆ ಬರುತ್ತದೆ. ಒಡ್ಡಿನ ಮೇಲಿದ್ದ ಬೇವು, ಬನ್ನಿಗಳೂ ಹೋಗುತ್ತವೆ. ದಸರೆಗೆ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವ ನಾವು ಅದನ್ನೂ ಪೇಟೆಯಲ್ಲಿ ಕೊಳ್ಳುವ ದಿನ ಬಂದಿದೆ.

ನಮ್ಮ ಊರಿಗೆ ದೂರವಲ್ಲದ ಮಾಗಡಿ ಕೆರೆಯನ್ನು ಕೇಳುಗರಲ್ಲಿ ಅನೇಕರು ನೋಡಿರಬಹುದು. ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಹಕ್ಕಿಗಳು ನೀರಿನಲ್ಲಿ ವಿಶ್ರಮಿಸಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಕೆರೆಗೆ ಬೇಲಿ ಹಾಕಿ ಹೊಲಗಳಲ್ಲಿ ಗಡಿಗಲ್ಲು ನೆಟ್ಟರೆ ಅವು ಪಟ್ಟಿಯನ್ನು ಓದಿಕೊಂಡು ಬದುಕಲಾರವು. ಹಸಿರೆಂದರೆ ಬೆಂಚು, ಕಾರಂಜಿಗಳಿರುವ ಉದ್ಯಾನವೆಂದಷ್ಟೇ ತಿಳಿಯಬೇಕಾಗಿಲ್ಲ. ಊರಂಚಿನ ಜೋಳದ ಹೊಲವೂ ಹಸಿರೇ. ಹುಲ್ಲುಹಾಸಂತೂ ನಮ್ಮ ಮಳೆಗೆ ಹೊಂದುವ ವಸ್ತುವೇ ಅಲ್ಲ. ತುಂಗಭದ್ರೆಯಿಂದ ಕೊಳವೆಯಲ್ಲಿ ತಂದ ನೀರನ್ನು ಅದಕ್ಕೆ ಸುರಿಯುವುದಕ್ಕಿಂತ ಹತ್ತು ಹುಣಸೆಗಿಡ ಹಚ್ಚುವುದು ಮೇಲು.

ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದಲ್ಲಿ ಈ ಊರಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನವೊಂದಿದೆ. ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು ಒಂದು ಕಡೆ, ರಾಜಪುರುಷರು ಇನ್ನೊಂದು ಕಡೆ. ಯಾರ ಹೊಣೆ ಏನೆಂದು ಅದರಲ್ಲಿ ಬರೆದಿದೆ. ಮನೆಗಳ ಮೇಲಿನ ತೆರಿಗೆ ಮನೆತನದ ಅನುಕೂಲಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಜನವಾಸವಿಲ್ಲದ ಮನೆಗಳನ್ನು ಕಾಯುವುದು ರಾಜಪುರುಷರ ಕೆಲಸ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರಿದಾಗಿ ಬಿದ್ದ ಮನೆ ಊರಿನ ಚಿಂತೆಯಾಗಿತ್ತು. ಇಂದು ಬರಿದಾಗಿ ಬಿದ್ದ ಪ್ಲಾಟು ಯಾರ ಚಿಂತೆಯೂ ಆಗಿಲ್ಲ. ಐದು ವರ್ಷ ಮನೆ ಏಳದ ಪ್ಲಾಟಿಗೆ ಕರ ಏರುತ್ತ ಹೋದರೆ ಹೊಸ ಹೊಲವನ್ನು ಕತ್ತರಿಸುವ ಅವಸರ ತಾನಾಗಿ ತಗ್ಗೀತು ಎಂದು ನನಗನ್ನಿಸುತ್ತದೆ.

ಮತ್ತೊಂದು ಕೆಲಸಕ್ಕೆ ಖರ್ಚೂ ಇಲ್ಲ. ಹೊಸ ಬಡಾವಣೆಯ ನಕ್ಷೆ ಬಂದಾಗ, ಒಪ್ಪಿಗೆಯ ಮುದ್ರೆ ಬೀಳುವ ಮೊದಲು, ಅದನ್ನು ಪುರಸಭೆಯ ಬಾಗಿಲಲ್ಲಿ ತೂಗುಹಾಕಲಿ. ಹಳ್ಳ ಎಲ್ಲಿ ಹರಿಯುತ್ತಿತ್ತು, ಬಾವಿ ಎಲ್ಲಿತ್ತು, ಬಂಡಿದಾರಿ ಯಾವುದು, ದೊಡ್ಡ ಗಿಡ ಯಾವ ಒಡ್ಡಿನ ಮೇಲಿದೆ ಎಂಬುದು ಆ ಹೊಲವನ್ನು ಊಳಿದವನಿಗೆ ಗೊತ್ತು. ಅವನನ್ನು ಕರೆದು ಕೇಳಲಿ. ಅವನು ತೋರಿಸಿದ ಹಳ್ಳದ ದಂಡೆಯನ್ನೇ ಮೊದಲು ಉದ್ಯಾನಕ್ಕೆಂದು ಅಳೆದು ಕಲ್ಲು ನೆಡಲಿ. ಪ್ಲಾಟುಗಳ ಕಲ್ಲು ಆಮೇಲೆ.