ಲೀಲಾ ಸೇಠ್ ಮತ್ತು ಮಗಳ ಪಾಲು



ನ್ಯಾಯಮೂರ್ತಿ ಲೀಲಾ ಸೇಠ್ 1991ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ದೇಶದಲ್ಲಿ ಆ ಪೀಠವೇರಿದ ಮೊದಲ ಮಹಿಳೆ. ಪದವಿಯ ಮಾತು ಇಷ್ಟು ಸಾಕು. ಮುಂದೆ ಅವರು ಸದಸ್ಯೆಯಾಗಿದ್ದ ಕಾನೂನು ಆಯೋಗ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬೇಕೆಂದು 2000ದಲ್ಲಿ ವರದಿ ಕೊಟ್ಟಿತು. 2005ರಲ್ಲಿ ತಿದ್ದುಪಡಿ ಬಂತು.

ಕರ್ನಾಟಕ 1994ರಲ್ಲೇ ಇಂಥ ಹಕ್ಕು ಕೊಟ್ಟಿತ್ತು, ನಿಜ. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕಾಯ್ದೆ ಆ ಭೇದ ತೆಗೆಯಿತು.

ಹಿಂದೂ ಉತ್ತರಾಧಿಕಾರ ಕಾಯ್ದೆ ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ; ಅದರ ಎರಡನೆಯ ಕಲಮಿನಲ್ಲೇ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದು ಹೇಳಿದೆ. ಆದರೂ ನಡೆಯುವುದೇನು? ಮಗಳಿಗೆ ಅರಿಷಿಣ-ಕುಂಕುಮ, ಒಂದು ಸೀರೆ. ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಒಲ್ಲೆ ಎಂದರೆ ತವರಿನ ಬಾಗಿಲು ಮುಚ್ಚಿತು. ಇಷ್ಟಲಿಂಗ ಕಟ್ಟುವಾಗ ಹೆಣ್ಣು-ಗಂಡು ಎಣಿಸದ ನಾವು ಹೊಲ ಹಂಚುವಾಗ ಎಣಿಸುತ್ತೇವೆ.

ಇಲ್ಲಿ ಕುಳಿತ ಅಣ್ಣಂದಿರಲ್ಲಿ ಒಂದು ಬೇಡಿಕೆ. ವಾಟ್ನಿ ಪತ್ರ ಬರೆಸುವ ಮುನ್ನ ಅಕ್ಕ-ತಂಗಿಯರನ್ನು ಕೂರಿಸಿಕೊಂಡು ಅವರ ಪಾಲು ಎಷ್ಟೆಂದು ಓದಿ ಹೇಳಿ. ಸಹಿಯ ಮಾತು ಆಮೇಲೆ.