ಪ್ರತಿಕೃತಿಯೂ ಖೋಟಾ ನಾಣ್ಯವೂ

ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆತನಗಳಲ್ಲಿ ಶ್ರೀರಾಮಪಟ್ಟಾಭಿಷೇಕದ ಅಚ್ಚುಳ್ಳ ರಾಮಟಂಕಿಗಳು ಪೂಜೆಗೊಳ್ಳುವುದುಂಟು. ಅವುಗಳಿಗೆ ನಾಣ್ಯದ ಆಕಾರವುಂಟು, ನಾಣ್ಯವೆಂಬ ಸೋಗಿಲ್ಲ. ಮಾಡಿದವನೂ ಕೊಂಡವನೂ ಪೂಜೆಗೆಂದೇ ಬಲ್ಲರು. ಆದರೆ ಅಂತಹ ಬಿಲ್ಲೆಯ ಮೇಲೆಯೇ ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818’ ಎಂದು ಅಚ್ಚೊತ್ತಿ, ಅಪೂರ್ವ ನಾಣ್ಯವೆಂದು ಸಹಸ್ರಾರು ರೂಪಾಯಿಗಳಿಗೆ ಮಾರುವವರಿದ್ದಾರೆ. ಕಂಪನಿಯು ಅದನ್ನು ಟಂಕಿಸಿದ್ದೇ ಇಲ್ಲ. ಮದ್ರಾಸಿನ ಅದರ ವರಹಗಳಲ್ಲಿ ದೇವಮೂರ್ತಿಗಳಿದ್ದುದು ನಿಜ. ಮೋಸವು ಬೇರೂರುವುದೂ ಆ ಅರೆಸತ್ಯದಲ್ಲಿಯೇ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಈ ತಾಮ್ರಕ್ಕೆ ಸುರಿದ ಗೃಹಸ್ಥನ ಪಾಡೇನು? ಖೋಟಾ ಎನಿಸಲು ಬರಿಯ ಹೋಲಿಕೆ ಸಾಲದು. ಆ ಹೋಲಿಕೆಯಿಂದ ವಂಚಿಸುವ ಉದ್ದೇಶವಾಗಲಿ, ವಂಚನೆಯಾದೀತೆಂಬ ಅರಿವಾಗಲಿ ಇರಬೇಕು. 1860ರ ದಂಡಸಂಹಿತೆ ಹೇಳಿದ ಈ ಲಕ್ಷಣವನ್ನು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಉಳಿಸಿಕೊಂಡಿದೆ.