ಎದೆನೋವನ್ನು ಬರೀ ದುಃಖವೆಂದು ತಳ್ಳಿಹಾಕದಿರೋಣ



ಆಪ್ತರ ಸಾವಿನ ಸುದ್ದಿ ಕೇಳಿ ಎದೆಯೊಡೆದು ಕುಸಿದರು ಎಂದು ನಾವು ಹೇಳುವುದುಂಟು. ಅದನ್ನು ಕೇವಲ ಮಾತಿನ ಅಲಂಕಾರವೆಂದೇ ನಾವು ಬಗೆದಿದ್ದೆವು. ಆದರೆ 1990ರಲ್ಲಿ ಜಪಾನಿನ ವೈದ್ಯರು ಇಂತಹದೇ ಒಂದು ಹೃದ್ರೋಗವನ್ನು ವಿವರಿಸಿ ‘ಟಾಕೊಟ್ಸುಬೊ’ ಎಂದು ಹೆಸರಿಸಿದರು. ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಕಡಲಿಗಿಳಿಸುವ ಮಡಕೆಯ ಹೆಸರದು. ಕಿರಿದಾದ ಕೊರಳು, ದುಂಡನೆಯ ಹೊಟ್ಟೆ. ತೀವ್ರ ಆಘಾತದ ಗಳಿಗೆಯಲ್ಲಿ ದೇಹದೊಳಗೆ ಉಕ್ಕುವ ಅಡ್ರಿನಲಿನ್‌ನಂತಹ ಹಾರ್ಮೋನುಗಳ ಹೊಡೆತಕ್ಕೆ ಹೃದಯದ ಎಡ ಕೆಳಕೋಣೆಯ ತುದಿ ಸ್ತಬ್ಧವಾಗಿ, ಆ ಮಡಕೆಯಂತೆಯೇ ಉಬ್ಬಿಕೊಳ್ಳುತ್ತದೆ ಎಂಬುದು ತಜ್ಞರ ಅಭಿಪ್ರಾಯ.

2004ರ ಅಕ್ಟೋಬರ್ 23ರಂದು ಜಪಾನಿನ ನೀಗಾಟ ಪ್ರಾಂತದಲ್ಲಿ ಭೂಮಿ ಕಂಪಿಸಿತು. ಆ ಬಳಿಕದ ದಿನಗಳಲ್ಲಿ ಈ ರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಏರಿತು. ಅವರಲ್ಲಿ ಬಹುತೇಕರು ಮಹಿಳೆಯರು.

ಸಾಮಾನ್ಯ ಹೃದಯಾಘಾತದಲ್ಲಿ ಕಾಣುವಂತಹ ರಕ್ತನಾಳದ ತಡೆ ಇದಕ್ಕೆ ಕಾರಣವಲ್ಲ, ಹೆಚ್ಚಿನವರ ಹೃದಯ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ ಎಂದೊಡನೆ ಕೆಲವರು ನಿಟ್ಟುಸಿರು ಬಿಡಬಹುದು. ನಮ್ಮ ಆತಂಕವಿರುವುದು ಆ ನಿಟ್ಟುಸಿರಿನಲ್ಲೇ. ಮೊದಲ ದಿನಗಳಲ್ಲಿ ಹೃದಯ ವೈಫಲ್ಯ, ಬಡಿತದ ಲಯ ತಪ್ಪುವುದು, ಸಾವು ಕೂಡಾ ಸಂಭವಿಸುತ್ತದೆ. ಎದೆನೋವು, ಉಸಿರಾಟದ ಕಷ್ಟ, ಇಸಿಜಿಯ ಏರುಪೇರು, ರಕ್ತದಲ್ಲಿ ಟ್ರೋಪೊನಿನ್ ಏರಿಕೆ, ಎಲ್ಲವೂ ಹೃದಯಾಘಾತದಂತೆಯೇ ಇರುತ್ತವೆ. ಸಾಮಾನ್ಯವಾಗಿ ಎಂಜಿಯೋಗ್ರಾಮ್ ಮತ್ತು ಎಕೋ ನೋಡಿದ ಬಳಿಕವಷ್ಟೇ ವೈದ್ಯರು ಇವೆರಡನ್ನು ಖಚಿತವಾಗಿ ಬೇರ್ಪಡಿಸಬಲ್ಲರು. ಹೀಗಿರುವಾಗ “ಅತ್ತು ಅತ್ತು ಹೀಗಾಗಿದೆ, ಸ್ವಲ್ಪ ನೀರು ಕೊಟ್ಟು ಮಲಗಿಸಿ” ಎಂದು ಮನೆಯ ಪಡಸಾಲೆಯಲ್ಲೇ ತೀರ್ಪು ನೀಡಲು ನಾವು ಯಾರು?

ಈ ರೋಗಕ್ಕೆ ತುತ್ತಾಗುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಅವರಲ್ಲೂ ಹೆಚ್ಚಿನವರು ಮುಟ್ಟು ನಿಂತ ವಯಸ್ಸಿನವರು. ಅಂದರೆ ಸಾವಿನ ಮನೆಯಲ್ಲಿ ಗೋಡೆಗೊರಗಿ ಕುಳಿತಿರುವ ನಮ್ಮ ತಾಯಂದಿರು. ಗಂಡಸು ಎದೆ ಹಿಡಿದುಕೊಂಡರೆ ಅಂಗಳಕ್ಕೆ ಕಾರು ಬರುತ್ತದೆ, ಹೆಂಗಸಿಗೆ ಬೀಸಣಿಗೆ ಬರುತ್ತದೆ! ಇದ್ದತ್‌ನಲ್ಲಿರುವ ವಿಧವೆಯನ್ನು ಹೊರಗೆ ಕರೆದೊಯ್ಯಬಹುದೇ ಎಂಬ ಗೊಂದಲವೂ ಕೆಲವು ಮನೆಗಳಲ್ಲಿ ಕಾಲವನ್ನು ನುಂಗುತ್ತದೆ. ಚಿಕಿತ್ಸೆಯಂತಹ ಅನಿವಾರ್ಯಕ್ಕೆ ಹೊರಹೋಗುವುದನ್ನು ಇದ್ದತ್ ತಡೆಯುವುದಿಲ್ಲ.

ಆದ್ದರಿಂದ ಇಂತಹ ಸಂದರ್ಭದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆ ತಲುಪಿದಾಗ ಎದೆನೋವಿನ ವಿಷಯವನ್ನೇ ಮೊದಲು ಹೇಳಿ, ಮನೆಯಲ್ಲಿ ಸಂಭವಿಸಿದ ಸಾವಿನ ಸಂಗತಿಯನ್ನು ಆಮೇಲೆ ತಿಳಿಸಿರಿ.